ಮಲೆನಾಡಿನ ಮಳೆರಸ್ತೆಗೆ ಕಾರಿನ ಟೈರು: ಹಿಡಿತ, ಬಾಳಿಕೆ ಮತ್ತು ಬೆಲೆಯ ಲೆಕ್ಕ

ಕಾರಿನ ಟೈರು ಬದಲಿಸುವಾಗ ಹಿಡಿತ, ಬಾಳಿಕೆ, ಬೆಲೆ ಎಂಬ ಮೂರು ಅಂಶಗಳನ್ನು ತೂಗಿ ನೋಡುವುದು ಎಲ್ಲೆಡೆ ರೂಢಿಯಲ್ಲಿದೆಯಾದರೂ, ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ನಿರ್ಧರಿಸುವುದು ವಾಹನ ಓಡಾಡುವ ನೆಲ ಮತ್ತು ಅಲ್ಲಿನ ಹವೆಯೇ ಹೊರತು ಅಂಗಡಿಯ ಬೆಲೆಪಟ್ಟಿಯಲ್ಲ. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದೇ ಅಪರೂಪ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಬಯಲುಸೀಮೆಯ ಒಣ ಹೆದ್ದಾರಿಗೆ ಒಪ್ಪುವ ಆಯ್ಕೆ ಇಲ್ಲಿಗೂ ಒಪ್ಪುತ್ತದೆಂದು ಭಾವಿಸಲು ಆಗದಿರುವುದು ಈ ಕಾರಣದಿಂದಲೇ. ಮಲೆನಾಡಿನಲ್ಲಿ ಒದ್ದೆ ರಸ್ತೆಯ ಹಿಡಿತವೇ ಮೊದಲ ಅಳತೆಗೋಲು. ಬಾಳಿಕೆ ಮತ್ತು ಬೆಲೆಯನ್ನು ಆ ಅಳತೆಯಲ್ಲಿ ತೇರ್ಗಡೆಯಾದ ಟೈರುಗಳ ನಡುವೆ ಮಾತ್ರ ಹೋಲಿಸಬೇಕು. ಇಷ್ಟೇ ಅಲ್ಲ, ಇಲ್ಲಿನ ಅನೇಕ ಮನೆಗಳ ಕಾರುಗಳ ವಿಷಯದಲ್ಲಿ ಹೀಗೆ ಆಯ್ದ ಟೈರೇ ಲೆಕ್ಕದಲ್ಲೂ ಅಗ್ಗವಾಗಿ ಬೀಳುತ್ತದೆ ಎಂಬುದನ್ನು ಮುಂದೆ ನೋಡಬಹುದು.

ಒದ್ದೆಯಲ್ಲಿ ಮೂರು ಬಗೆ

ಒದ್ದೆ ರಸ್ತೆ ಎಂದು ಒಂದೇ ಹೆಸರಿನಿಂದ ಕರೆದರೂ, ಟೈರಿನ ದೃಷ್ಟಿಯಿಂದ ಮಲೆನಾಡಿನ ಒದ್ದೆಯಲ್ಲಿ ಮೂರು ಬಗೆಗಳಿವೆ, ಮತ್ತು ಮೂರಕ್ಕೂ ಟೈರಿನ ಬೇರೆಬೇರೆ ಗುಣಗಳು ಉತ್ತರ ಕೊಡುತ್ತವೆ.

ಮೊದಲನೆಯದು ನೇರ ಹೆದ್ದಾರಿಯ ಮೇಲೆ ನಿಂತ ನೀರು. ಶಿವಮೊಗ್ಗದಿಂದ ಆನಂದಪುರ, ಸಾಗರ, ತಾಳಗುಪ್ಪಗಳ ಮೂಲಕ ಹೊನ್ನಾವರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 69ರಂಥ ದಾರಿಯಲ್ಲಿ ವೇಗ ಗಂಟೆಗೆ 70–80 ಕಿಲೋಮೀಟರ್ ಮುಟ್ಟಿದಾಗ, ಟೈರಿನ ಮುಂದೆ ಒತ್ತರಿಸಿದ ನೀರು ಹೊರಹೋಗಲು ಸಮಯ ಸಾಲದೆ ಟೈರಿನಡಿಗೇ ನುಗ್ಗಿ ಅದನ್ನು ನೆಲದಿಂದ ಎತ್ತಿಬಿಡಬಹುದು. ಹೈಡ್ರೋಪ್ಲೇನಿಂಗ್ ಎಂದು ಕರೆಯುವ ಈ ತೇಲಿಕೆಯ ಹೊತ್ತಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಕಾರು ಕೇಳುವುದಿಲ್ಲ. ಇದನ್ನು ತಡೆಯುವುದು ಟ್ರೆಡ್, ಅಂದರೆ ನೆಲವನ್ನು ಮುಟ್ಟುವ ರಬ್ಬರಿನ ಹೊರಪದರದಲ್ಲಿ ಕೊರೆದಿರುವ ಕಾಲುವೆಗಳ ಆಳ ಮತ್ತು ಟೈರಿನಲ್ಲಿರುವ ಗಾಳಿಯ ಒತ್ತಡ. ಕಾಲುವೆಯ ಆಳ ಕಡಿಮೆಯಾದಷ್ಟೂ, ಗಾಳಿ ಇಳಿದಷ್ಟೂ, ಕಡಿಮೆ ವೇಗದಲ್ಲೇ ತೇಲಿಕೆ ಆರಂಭವಾಗುತ್ತದೆ.

ಎರಡನೆಯದು ಘಾಟಿಯ ಒದ್ದೆ. ತೀರ್ಥಹಳ್ಳಿಯಿಂದ ಉಡುಪಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವುಗಳಲ್ಲಿ ಇಳಿಯುತ್ತದೆ. ಹೊಸನಗರದ ಕಡೆಯಿಂದ ಕುಂದಾಪುರಕ್ಕೆ ಇಳಿಯುವ ಹುಲಿಕಲ್ ಘಾಟಿ ಮತ್ತು ಕೊಲ್ಲೂರಿಗೆ ಇಳಿಯುವ ನಾಗೋಡಿಯ ದಾರಿಯೂ ಇದೇ ಜಾತಿಯವು. ಇಲ್ಲಿ ವೇಗ ಕಡಿಮೆ, ಇಳಿಜಾರಿನಿಂದಾಗಿ ನೀರೂ ಬಹಳ ಹೊತ್ತು ನಿಲ್ಲುವುದಿಲ್ಲ, ಆದ್ದರಿಂದ ತೇಲಿಕೆಗಿಂತ ಜಾರಿಕೆಯದೇ ಭಯ. ನೀರಿನ ತೆಳುಪೊರೆಯ ಮೇಲೆ ರಬ್ಬರು ಡಾಂಬರಿನ ಉಬ್ಬುತಗ್ಗುಗಳಿಗೆ ಎಷ್ಟು ಚೆನ್ನಾಗಿ ಒತ್ತಿ ಕೂರುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ, ಮತ್ತು ಅದು ಕಾಂಪೌಂಡ್ ಎಂದು ಕರೆಯುವ ರಬ್ಬರಿನ ಮಿಶ್ರಣವನ್ನು ಅವಲಂಬಿಸಿದೆ. ನೈಸರ್ಗಿಕ ಮತ್ತು ಕೃತಕ ರಬ್ಬರಿಗೆ ಇಂಗಾಲದ ಕಪ್ಪುಪುಡಿಯ ಜೊತೆ, ಅಥವಾ ಅದರ ಬದಲಿಗೆ, ಸಿಲಿಕಾ ಬೆರೆಸುವ ಕ್ರಮ 1990ರ ದಶಕದಿಂದ ಕಾರಿನ ಟೈರುಗಳಲ್ಲಿ ಹಬ್ಬಿತು. ಸಿಲಿಕಾ ಬೆರೆತ ಮಿಶ್ರಣವು ಒದ್ದೆಯಲ್ಲಿ ಹೆಚ್ಚು ಹಿಡಿತವನ್ನೂ ಉರುಳುವಾಗ ಕಡಿಮೆ ಎಳೆತವನ್ನೂ ಒಟ್ಟಿಗೆ ಕೊಡುವುದು ಅದಕ್ಕೆ ಕಾರಣ. ಮಿಶ್ರಣ ಮೆದುವಾಗಿದ್ದಾಗ ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಹಳೆಯದಾಗಿ ಬಿರುಸಾದ ರಬ್ಬರು, ಕಾಲುವೆಗಳು ಆಳವಾಗಿಯೇ ಉಳಿದಿದ್ದರೂ, ಘಾಟಿಯ ತಿರುವಿನಲ್ಲಿ ಜಾರುತ್ತದೆ.

ಮೂರನೆಯದು ತೋಟದ ದಾರಿಯ ಒದ್ದೆ. ಮೇಳಿಗೆಯಂಥ ಊರುಗಳಲ್ಲಿ ಮುಖ್ಯರಸ್ತೆ ಬಿಟ್ಟು ಮನೆಯ ಅಂಗಳ ಮುಟ್ಟುವವರೆಗಿನ ದಾರಿಯಲ್ಲಿ ಜಂಬಿಟ್ಟಿಗೆ ಮಣ್ಣಿನ ಕೆಸರು, ಮರದ ನೆರಳಿನಲ್ಲಿ ಹಾವಸೆ ಕಟ್ಟಿದ ಸಿಮೆಂಟಿನ ಏರು, ಕೊಳೆತ ದರಗು ಎಲ್ಲವೂ ಇರುತ್ತವೆ. ಹಾವಸೆಯ ಮೇಲೆ ಯಾವ ಸಾಮಾನ್ಯ ಟೈರೂ ಭರವಸೆಯ ಹಿಡಿತ ಕೊಡುವುದಿಲ್ಲವಾದ್ದರಿಂದ ಏರಿನ ಮೇಲ್ಮೈಯನ್ನು ಮಳೆಗಾಲಕ್ಕೆ ಮುಂಚೆ ಉಜ್ಜಿ ತೆಗೆಯುವುದೇ ಅದಕ್ಕೆ ಪರಿಹಾರ. ಕೆಸರಿನ ನೆಪದಿಂದ ದಪ್ಪ ಗಟ್ಟಿಗಳಿರುವ ಮಡ್ ಟೈರನ್ನು ಸಣ್ಣ ಕಾರಿಗೆ ಹಾಕಿಸುವ ಯೋಚನೆಯೂ ಸರಿಯಲ್ಲ. ಕೊಡಚಾದ್ರಿಯ ಹಾದಿ ಹತ್ತುವ ಜೀಪುಗಳಿಗೆ ಅದು ತಕ್ಕದ್ದು, ಆದರೆ ಗಟ್ಟಿಗಳ ನಡುವಿನ ದೊಡ್ಡ ಸಂದುಗಳಿಂದಾಗಿ ಡಾಂಬರಿಗೆ ತಾಗುವ ರಬ್ಬರು ಕಡಿಮೆಯಾಗಿ, ದಿನದ ಬಹುಪಾಲು ಓಡಾಟ ನಡೆಯುವ ಒದ್ದೆ ಡಾಂಬರಿನ ಮೇಲೆಯೇ ಹಿಡಿತ ತಗ್ಗುತ್ತದೆ, ಸದ್ದೂ ಇಂಧನದ ಖರ್ಚೂ ಏರುತ್ತವೆ.

ಬದಲಿಸಬೇಕಾದ ಕಾಲ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಕಾಲುವೆ 1.6 ಮಿಲಿಮೀಟರಿಗಿಂತ ಕಡಿಮೆ ಆಳವಿರಬಾರದು. ಈ ಮಟ್ಟವನ್ನು ತೋರಿಸಲೆಂದೇ ಕಾಲುವೆಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ, ಅವುಗಳ ನೇರಕ್ಕೆ ಟೈರಿನ ಭುಜದ ಮೇಲೆ ‘ಟಿಡಬ್ಲ್ಯುಐ’ ಎಂಬ ಅಕ್ಷರಗಳು ಅಥವಾ ತ್ರಿಕೋನದ ಗುರುತು ಇರುತ್ತದೆ. ಟ್ರೆಡ್ ಸವೆದು ಆ ದಿಣ್ಣೆಗಳ ಸಮಕ್ಕೆ ಬಂದರೆ ಟೈರಿನ ಆಯುಷ್ಯ ಕಾನೂನಿನ ಪ್ರಕಾರ ಮುಗಿಯಿತು. ಆದರೆ ಹೊಸ ಟೈರಿನಲ್ಲಿ ಸಾಮಾನ್ಯವಾಗಿ 7–8 ಮಿಲಿಮೀಟರ್ ಇರುವ ಆಳ 3 ಮಿಲಿಮೀಟರಿಗೆ ಇಳಿಯುವ ಹೊತ್ತಿಗೇ ನೀರನ್ನು ಹೊರದೂಡುವ ಶಕ್ತಿ ಗಣನೀಯವಾಗಿ ಕುಗ್ಗಿರುತ್ತದೆ. ಕಾನೂನಿನ ಮಿತಿ ದಂಡಕ್ಕೆ ಸಂಬಂಧಿಸಿದ್ದು. ಮಲೆನಾಡಿನ ಮಳೆಗಾಲದ ಮಿತಿಯನ್ನು 3 ಮಿಲಿಮೀಟರ್ ಎಂದು ಇಟ್ಟುಕೊಳ್ಳುವುದು ವಿವೇಕ.

ಇದರಿಂದ ಕೊಳ್ಳುವ ತಿಂಗಳೂ ನಿರ್ಧಾರವಾಗುತ್ತದೆ. ರೋಹಿಣಿ ಮಳೆಗೆ ಮುನ್ನ, ಅಂದರೆ ಮೇ ತಿಂಗಳ ನಡುವಿನಲ್ಲಿ, ಆಳ ಅಳೆಯುವ ಅಗ್ಗದ ಮಾಪಕವನ್ನು ಪ್ರತಿ ಟೈರಿನ ಒಳ ಅಂಚು, ನಡು ಮತ್ತು ಹೊರ ಅಂಚಿನ ಕಾಲುವೆಗಳಲ್ಲಿ ಇಟ್ಟು ನೋಡಿದಾಗ ಎಲ್ಲಾದರೂ 4 ಮಿಲಿಮೀಟರಿನ ಆಸುಪಾಸು ಕಂಡರೆ, ಮಳೆಗಾಲ ಮುಗಿಯುವ ಮುನ್ನವೇ ಆ ಟೈರು 3ಕ್ಕೆ ಇಳಿಯಬಹುದೇ ಎಂದು ಲೆಕ್ಕ ಹಾಕಬೇಕು. ಮಳೆಗಾಲ ಕಳೆಯಲಿ, ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಆಡಿದಾಗ ನೋಡೋಣ ಎಂದು ಮುಂದೂಡಿದರೆ, ಟೈರು ಅತ್ಯಂತ ಬಡವಾಗಿರುವ ಸ್ಥಿತಿಯಲ್ಲೇ ವರ್ಷದ ಅತ್ಯಂತ ಕಠಿಣ ನಾಲ್ಕು ತಿಂಗಳನ್ನು ಕಳೆದಂತಾಗುತ್ತದೆ.

ಸವೆತದ ಜೊತೆಗೆ ವಯಸ್ಸೂ ಗಣನೆಗೆ ಬರುತ್ತದೆ. ಟೈರಿನ ಪಕ್ಕದಲ್ಲಿ ‘ಡಾಟ್’ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತವೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಬಳಕೆಗೆ ಬಂದು 5 ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಪರಿಣತರಿಂದ ತಪಾಸಣೆ ಮಾಡಿಸಬೇಕೆಂದೂ, ತಯಾರಾಗಿ 10 ವರ್ಷ ಮೀರಿದ್ದನ್ನು ಆಳ ಎಷ್ಟೇ ಉಳಿದಿದ್ದರೂ ತೆಗೆದುಹಾಕಬೇಕೆಂದೂ ತಯಾರಕರು ಹೇಳುತ್ತಾರೆ. 6 ವರ್ಷಕ್ಕೇ ಬದಲಿಸಲು ಸೂಚಿಸುವ ಕಾರು ಕಂಪನಿಗಳೂ ಇವೆ. ಪಕ್ಕದ ಗೋಡೆಯಲ್ಲಿ ಉಬ್ಬು, ದಾರ ಕಾಣುವಂಥ ಸೀಳು, ಸಣ್ಣ ಬಿರುಕುಗಳ ಜಾಲ ಕಂಡರೆ ವರ್ಷದ ಲೆಕ್ಕಕ್ಕೆ ಕಾಯಬೇಕಾಗಿಲ್ಲ.

ಟೈರಿನ ಮೈಮೇಲಿನ ಬರಹ

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 185/65 ಆರ್15 88ಎಚ್ ಎಂಬಂಥ ಬರಹದಲ್ಲಿ 185 ಎಂಬುದು ಟೈರಿನ ಅಗಲ ಮಿಲಿಮೀಟರುಗಳಲ್ಲಿ. 65 ಎಂಬುದು ಆ ಅಗಲಕ್ಕೆ ಪಕ್ಕದ ಗೋಡೆಯ ಎತ್ತರವು ಶೇಕಡಾ ಎಷ್ಟೆಂಬುದು. ‘ಆರ್’ ಎಂದರೆ ರೇಡಿಯಲ್, ಅಂದರೆ ಒಳಗಿನ ದಾರದ ಪದರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಹಾಯ್ದಿರುವ ರಚನೆ. 15 ಎಂಬುದು ರಿಮ್ಮಿನ ವ್ಯಾಸ ಅಂಗುಲಗಳಲ್ಲಿ. ಕೊನೆಯ 88 ಭಾರದ ಸೂಚ್ಯಂಕ, ಒಂದು ಟೈರು 560 ಕಿಲೋಗ್ರಾಂ ಹೊರಬಲ್ಲದೆಂಬುದರ ಸಂಕೇತ. ‘ಎಚ್’ ವೇಗದ ಸಂಕೇತ, ಗಂಟೆಗೆ 210 ಕಿಲೋಮೀಟರ್ ಮಿತಿಯದು. ‘ಎಸ್’ 180ಕ್ಕೆ, ‘ಟಿ’ 190ಕ್ಕೆ, ‘ವಿ’ 240ಕ್ಕೆ ಸಲ್ಲುತ್ತವೆ. ವೇಗದ ಸಂಕೇತ ಮಲೆನಾಡಿನ ರಸ್ತೆಯಲ್ಲಿ ನೇರ ಉಪಯೋಗಕ್ಕೆ ಬಾರದಿದ್ದರೂ ಅದು ಬಿಸಿ ತಾಳುವ ಶಕ್ತಿಯ ಸೂಚಕವೂ ಹೌದು, ಆದ್ದರಿಂದ ಕಾರಿನ ತಯಾರಕರು ಸೂಚಿಸಿದ್ದಕ್ಕಿಂತ ಕೆಳಗಿನದನ್ನು ಕೊಳ್ಳಬಾರದು. ಭಾರದ ಸೂಚ್ಯಂಕದ ವಿಷಯದಲ್ಲಂತೂ ರಿಯಾಯಿತಿಯೇ ಇಲ್ಲ. ಐದು ಜನರ ಜೊತೆ ಹಿಂಬದಿಯಲ್ಲಿ ಅಡಿಕೆ ಮೂಟೆಯನ್ನೂ ಹೇರಿಕೊಂಡು ಘಾಟಿ ಇಳಿಯುವ ಕಾರಿನಲ್ಲಿ ಅದರ ಅಗತ್ಯ ಪ್ರತ್ಯಕ್ಷವಾಗಿರುತ್ತದೆ.

ಕಾರಿಗೆ ಸರಿಯಾದ ಅಳತೆ ಮತ್ತು ಗಾಳಿಯ ಒತ್ತಡ ಎರಡೂ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಇಂಧನದ ಮುಚ್ಚಳದ ಒಳಬದಿಯಲ್ಲೋ ಇರುತ್ತವೆ. ನೋಟಕ್ಕಾಗಿ ಅಗಲದ ಟೈರು, ದೊಡ್ಡ ರಿಮ್ಮು, ಗಿಡ್ಡ ಪಕ್ಕಗೋಡೆಯ ಜೋಡಿಯನ್ನು ಆರಿಸುವುದು ಇಲ್ಲಿ ಎರಡು ರೀತಿಯಲ್ಲಿ ಹಾನಿಕರ: ಅಗಲವಾದ ಟೈರು ಹೆಚ್ಚು ನೀರನ್ನು ಒತ್ತರಿಸಬೇಕಾದ್ದರಿಂದ ಅಷ್ಟೇ ಆಳದಲ್ಲಿ ಬೇಗ ತೇಲುತ್ತದೆ, ಮತ್ತು ನೀರು ತುಂಬಿ ಆಳ ಕಾಣದ ಹೊಂಡಕ್ಕೆ ಬಿದ್ದಾಗ ಗಿಡ್ಡ ಪಕ್ಕಗೋಡೆ ರಿಮ್ಮನ್ನು ಕಾಯಲಾರದು. ಅಳತೆಯಲ್ಲಿ ಬದಲಾವಣೆ ಅನಿವಾರ್ಯವಾದರೆ ಚಕ್ರದ ಒಟ್ಟು ವ್ಯಾಸ ಮೂಲಕ್ಕಿಂತ ಶೇಕಡಾ 3ರೊಳಗೆ ಮಾತ್ರ ವ್ಯತ್ಯಾಸವಾಗುವಂತೆ ನೋಡಿಕೊಳ್ಳುವುದು ರೂಢಿ, ಇಲ್ಲವಾದರೆ ವೇಗಮಾಪಕವೂ ಬ್ರೇಕಿನ ಎಬಿಎಸ್ ವ್ಯವಸ್ಥೆಯೂ ತಪ್ಪು ಲೆಕ್ಕದಲ್ಲಿ ಕೆಲಸ ಮಾಡುತ್ತವೆ.

ಗುಣಮಟ್ಟದ ಮುದ್ರೆಗಳ ಪೈಕಿ ಭಾರತದಲ್ಲಿ ಮಾರುವ ಕಾರಿನ ಟೈರಿಗೆ ಐಎಸ್ 15633 ಮಾನದಂಡದ ಐಎಸ್ಐ ಗುರುತು ಕಡ್ಡಾಯ. ಇದಲ್ಲದೆ ಎಐಎಸ್–142 ಎಂಬ ಮಾನದಂಡದ ಮೂಲಕ ಉರುಳುವಾಗಿನ ಎಳೆತ, ಒದ್ದೆಯ ಹಿಡಿತ ಮತ್ತು ಸದ್ದಿಗೆ ಕನಿಷ್ಠ ಮಟ್ಟಗಳನ್ನು ಕೇಂದ್ರ ಸಾರಿಗೆ ಸಚಿವಾಲಯವು ಹೊಸ ವಿನ್ಯಾಸಗಳಿಗೆ 2022ರ ಅಕ್ಟೋಬರಿನಿಂದಲೂ, ಹಳೆಯ ವಿನ್ಯಾಸಗಳಿಗೆ 2023ರಿಂದಲೂ ಜಾರಿಗೆ ತಂದಿತು. ಇದರ ಪ್ರಯೋಜನ ಪಡೆಯಬೇಕಾದರೆ ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತ ಹಳೆಯ ಸರಕನ್ನು ಬಿಟ್ಟು, ತಯಾರಾಗಿ ವರ್ಷ ತುಂಬದ ಟೈರನ್ನೇ ಕೇಳಿ ಪಡೆಯಬೇಕು.

ಅಂಕಗಳನ್ನು ಓದುವ ಬಗೆ

ಅನೇಕ ಟೈರುಗಳ ಮೇಲೆ ಅಮೆರಿಕದ ಸಾರಿಗೆ ಇಲಾಖೆಯ ಪದ್ಧತಿಯ ಮೂರು ಅಂಕಗಳು ಇರುತ್ತವೆ. ‘ಟ್ರೆಡ್‌ವೇರ್’ ಸವೆತದ ಅಂಕ. ಟೆಕ್ಸಾಸಿನಲ್ಲಿ ಗೊತ್ತುಪಡಿಸಿದ ರಸ್ತೆಯ ಮೇಲೆ ಹೋಲಿಕೆಯ ಟೈರಿನ ಜೊತೆಯಲ್ಲೇ ಓಡಿಸಿ ನಿರ್ಧರಿಸುವ ಈ ಅಂಕದಲ್ಲಿ 400 ಪಡೆದದ್ದು 200 ಪಡೆದದ್ದಕ್ಕಿಂತ ಎರಡರಷ್ಟು ನಿಧಾನವಾಗಿ ಸವೆಯಬೇಕೆಂಬುದು ತತ್ವ. ಅಂಕ ಕೊಡುವವರು ಆಯಾ ತಯಾರಕರೇ ಆದ್ದರಿಂದ ಒಂದೇ ಕಂಪನಿಯ ಎರಡು ಮಾದರಿಗಳ ಹೋಲಿಕೆಗೆ ಇದು ಒದಗುವಷ್ಟು ಎರಡು ಕಂಪನಿಗಳ ನಡುವಿನ ಹೋಲಿಕೆಗೆ ಒದಗುವುದಿಲ್ಲ. ‘ಟ್ರ್ಯಾಕ್ಷನ್’ ಎಂಬುದು ಒದ್ದೆ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ನೇರಕ್ಕೆ ಬ್ರೇಕ್ ಹಾಕಿದಾಗಿನ ಹಿಡಿತ. ‘ಎಎ’ ಅತ್ಯುತ್ತಮ, ನಂತರ ಎ, ಬಿ, ಸಿ. ತಿರುವಿನಲ್ಲಿನ ಹಿಡಿತವನ್ನಾಗಲಿ ತೇಲಿಕೆಯನ್ನಾಗಲಿ ಅದು ಅಳೆಯುವುದಿಲ್ಲ ಎಂಬ ಮಿತಿಯಿದ್ದರೂ ಮಲೆನಾಡಿನವರು ‘ಎ’ಗಿಂತ ಕೆಳಗಿಳಿಯದಿರುವುದು ಲೇಸು. ಮೂರನೆಯದು ಬಿಸಿ ತಾಳುವ ಶಕ್ತಿಯ ‘ಟೆಂಪರೇಚರ್’ ಅಂಕ.

ಟ್ರೆಡ್ಡಿನ ವಿನ್ಯಾಸದಲ್ಲೂ ಮೂರು ಬಗೆಗಳಿವೆ. ಎರಡೂ ಬದಿ ಒಂದೇ ತೆರನಾದ ಸಮರೂಪದ ವಿನ್ಯಾಸ ಅಗ್ಗ, ಯಾವ ಚಕ್ರಕ್ಕೂ ಹೊಂದುತ್ತದೆ. ಒಳಬದಿಯಲ್ಲಿ ನೀರು ಹರಿಯುವ ಕಾಲುವೆಗಳೂ ಹೊರಬದಿಯಲ್ಲಿ ತಿರುವಿಗೆ ಆತುಕೊಳ್ಳುವ ಗಟ್ಟಿ ಭುಜವೂ ಇರುವ ಅಸಮರೂಪದ ಟೈರಿನ ಮೇಲೆ ‘ಔಟ್‌ಸೈಡ್’ ಎಂಬ ಬರಹವಿದ್ದು, ಆ ಬದಿ ಹೊರಗೇ ಬರುವಂತೆ ಕೂರಿಸಬೇಕು. ಘಾಟಿ ಮತ್ತು ಹೆದ್ದಾರಿ ಎರಡನ್ನೂ ಬಳಸುವವರಿಗೆ ಇದು ಒಳ್ಳೆಯ ಹೊಂದಾಣಿಕೆ. ಬಾಣದ ಗುರುತಿನ ಏಕದಿಕ್ಕಿನ ಟೈರು ನೀರು ಹೊರದೂಡುವುದರಲ್ಲಿ ಮುಂದಿದ್ದರೂ ಎಡಬಲ ಬದಲಿಸಲಾಗದು, ಸ್ಟೆಪ್ನಿಯಾಗಿ ಇಟ್ಟರೆ ಒಂದು ಬದಿಗೆ ಮಾತ್ರ ಸರಿಹೊಂದುತ್ತದೆ.

ಬೆಲೆಯ ಲೆಕ್ಕ

ಟೈರಿನ ಬೆಲೆಯನ್ನು ರೂಪಾಯಿಯಲ್ಲಿ ಹೋಲಿಸುವುದಕ್ಕಿಂತ, ಉಪಯೋಗಕ್ಕೆ ಬರುವ ಪ್ರತಿ ಕಿಲೋಮೀಟರಿಗೆ ಬೀಳುವ ಪೈಸೆಯಲ್ಲಿ ಹೋಲಿಸುವುದು ಸರಿಯಾದ ಕ್ರಮ. ಆದರೆ ‘ಉಪಯೋಗಕ್ಕೆ ಬರುವ’ ಎಂಬ ಮಾತಿಗೆ ಮಲೆನಾಡಿನಲ್ಲಿ ಎರಡು ಷರತ್ತುಗಳಿವೆ. ಒಂದು, 8 ಮಿಲಿಮೀಟರಿನಿಂದ 1.6ರವರೆಗೆ ಸಿಗುವ 6.4 ಮಿಲಿಮೀಟರಿನ ಬದಲು 3ರವರೆಗಿನ 5 ಮಿಲಿಮೀಟರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ಅಂದರೆ ಜಾಹೀರಾತಿನ ಬಾಳಿಕೆಯಲ್ಲಿ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚನ್ನು ಕಳೆಯಬೇಕು. ಇನ್ನೊಂದು, ವರ್ಷಕ್ಕೆ ಕಡಿಮೆ ಓಡುವ ಕಾರಿನಲ್ಲಿ ಟ್ರೆಡ್ ಸವೆಯುವುದಕ್ಕೆ ಮೊದಲೇ ರಬ್ಬರು ಮುದಿಯಾಗುತ್ತದೆ.

ಉದಾಹರಣೆಗೆಂದು ಎರಡು ಟೈರುಗಳನ್ನು ಕಲ್ಪಿಸಿಕೊಂಡರೆ, 4,500 ರೂಪಾಯಿಯ ಮೆದು ಮಿಶ್ರಣದ್ದು 35,000 ಕಿಲೋಮೀಟರ್ ಬಾಳುತ್ತದೆ, 5,500 ರೂಪಾಯಿಯ ಬಿರುಸು ಮಿಶ್ರಣದ್ದು 55,000 ಕಿಲೋಮೀಟರ್ ಬಾಳುತ್ತದೆ ಎಂದಿರಲಿ. ಪೂರ್ಣ ಬಾಳಿಕೆ ಪಡೆದರೆ ಮೊದಲನೆಯದಕ್ಕೆ ಕಿಲೋಮೀಟರಿಗೆ ಸುಮಾರು 13 ಪೈಸೆ, ಎರಡನೆಯದಕ್ಕೆ 10 ಪೈಸೆ. ದಿನವೂ ಶಿವಮೊಗ್ಗಕ್ಕೆ ಹೋಗಿಬರುವವರಿಗೆ, ಬಾಡಿಗೆ ಕಾರು ಓಡಿಸುವವರಿಗೆ ಎರಡನೆಯದು ಲಾಭವೆಂಬುದು ಸ್ಪಷ್ಟ. ಆದರೆ ಪೇಟೆಗೆ, ಮದುವೆ ಮುಂಜಿಗೆ, ಆಸ್ಪತ್ರೆಗೆ ಮಾತ್ರ ಹೊರಡುವ ತೋಟದ ಮನೆಯ ಕಾರು ವರ್ಷಕ್ಕೆ 6,000 ಕಿಲೋಮೀಟರಿನಂತೆ 6 ವರ್ಷದಲ್ಲಿ ಓಡುವುದು 36,000 ಮಾತ್ರ. 6 ವರ್ಷಕ್ಕೆ ಬದಲಿಸುವ ಸಲಹೆಯನ್ನು ಪಾಲಿಸಿದರೆ ಅಷ್ಟರಲ್ಲಿ ವಯಸ್ಸಾಗಿ ತೆಗೆಯಬೇಕಾದ ಎರಡನೆಯ ಟೈರಿಗೆ ಕಿಲೋಮೀಟರಿಗೆ 15 ಪೈಸೆಗೂ ಮೀರಿ ಬೀಳುತ್ತದೆ. ಓಡದ ಕಿಲೋಮೀಟರುಗಳಿಗೆ ಹಣ ತೆತ್ತು, ಅದಕ್ಕಾಗಿ ಮಳೆಗಾಲದ ಹಿಡಿತವನ್ನೂ ಬಿಟ್ಟುಕೊಟ್ಟಂತಾಗುವ ಈ ವ್ಯಾಪಾರ ಯಾವ ಕಡೆಯಿಂದಲೂ ಲಾಭದ್ದಲ್ಲ. ಕಡಿಮೆ ಓಡಿಸುವವರು ದೀರ್ಘ ಬಾಳಿಕೆಯ ಆಸೆ ಬಿಟ್ಟು ಒದ್ದೆಯ ಹಿಡಿತ ಹೆಚ್ಚಿರುವುದನ್ನು ಕೊಂಡರೆ ಸುರಕ್ಷತೆಯೂ ಉಳಿತಾಯವೂ ಒಂದೇ ಕಡೆ ಸೇರುತ್ತವೆ.

ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಬಿಲ್ ಇಲ್ಲದೆ ಕೊಂಡರೆ ತಯಾರಿಕೆಯ ದೋಷಕ್ಕೆ ಸಿಗುವ ವಾರಂಟಿ ಕೈತಪ್ಪುತ್ತದೆ. ಇತಿಹಾಸ ತಿಳಿಯದ ಬಳಸಿದ ಟೈರು ಕೊಳ್ಳುವುದು ಎಷ್ಟೇ ಅಗ್ಗವಾದರೂ ತರವಲ್ಲ, ಒಳಗಿನ ದಾರದ ಹಾನಿ ಹೊರಗೆ ಕಾಣುವುದಿಲ್ಲ. ವಾರಂಟಿಯ ಪರಿಹಾರವನ್ನೂ ಉಳಿದಿರುವ ಆಳಕ್ಕೆ ಅನುಗುಣವಾಗಿ ಲೆಕ್ಕ ಹಾಕುವುದು ರೂಢಿ. ಬೇಕಾದ ಅಳತೆ ಮತ್ತು ಮಾದರಿ ತಾಲ್ಲೂಕು ಪೇಟೆಯ ಅಂಗಡಿಯಲ್ಲಿ ಆ ಹೊತ್ತಿಗೆ ಇಲ್ಲದಿರುವ ಸಾಧ್ಯತೆ ಇರುವುದರಿಂದ, ಇದ್ದದ್ದನ್ನೇ ಹಾಕಿಸಿಕೊಂಡು ಬರುವ ಬದಲು ವಾರ ಮುಂಚೆ ಹೇಳಿ ತರಿಸಿಕೊಳ್ಳುವುದು ಉತ್ತಮ.

ಎರಡೇ ಟೈರು ಕೊಂಡಾಗ

ನಾಲ್ಕನ್ನೂ ಒಟ್ಟಿಗೆ ಬದಲಿಸಲು ಆಗದಿದ್ದರೆ ಒಂದೇ ಮಾದರಿಯ ಎರಡನ್ನು ಕೊಂಡು ಒಂದೇ ಅಚ್ಚಿಗೆ ಹಾಕಿಸಬೇಕು. ಎಂಜಿನ್ನಿನ ಬಲವೂ ಸ್ಟಿಯರಿಂಗೂ ಮುಂದಿನ ಚಕ್ರಕ್ಕೇ ಇರುವ ಕಾರುಗಳಲ್ಲಿ ಹೊಸದನ್ನು ಮುಂದಕ್ಕೆ ಹಾಕಿಸುವುದು ಸಾಮಾನ್ಯವಾದರೂ, ಟೈರು ತಯಾರಕರ ಸಲಹೆ ಇದಕ್ಕೆ ವಿರುದ್ಧ: ಹೊಸದು ಹಿಂದಕ್ಕೇ ಹೋಗಬೇಕು. ಮುಂದಿನ ಟೈರು ಜಾರಿದರೆ ಕಾರು ತಿರುವಿನಲ್ಲಿ ನೇರಕ್ಕೆ ಹೋಗಲು ನೋಡುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹುಮಟ್ಟಿಗೆ ಹಿಡಿತಕ್ಕೆ ಮರಳುತ್ತದೆ. ಹಿಂದಿನದು ಜಾರಿದರೆ ಕಾರಿನ ಹಿಂಭಾಗವೇ ಸುತ್ತಿಬರುತ್ತದೆ, ಒಂದು ಬದಿ ದರೆ ಇನ್ನೊಂದು ಬದಿ ಕಣಿವೆ ಇರುವ ದಾರಿಯಲ್ಲಿ ಅದನ್ನು ಸಾಮಾನ್ಯ ಚಾಲಕ ಸರಿಪಡಿಸಿಕೊಳ್ಳಲಾರ.

ಟೈರು ಕೂರಿಸಿದಾಗ ಟ್ಯೂಬ್‌ಲೆಸ್ ವಾಲ್ವನ್ನೂ ಹೊಸದು ಹಾಕಿಸಿ, ವೀಲ್ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಬೇಕು. ಹಳೆಯ ಟೈರಿನ ಸವೆತವೇ ಕಾರಿನ ದೋಷವನ್ನು ಹೇಳುತ್ತದೆಯಾದ್ದರಿಂದ ಅದನ್ನು ಅಂಗಡಿಯಲ್ಲಿ ಬಿಟ್ಟುಬರುವ ಮುನ್ನ ನೋಡುವುದು ಅಗತ್ಯ: ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು, ನಡುಭಾಗ ಸವೆದಿದ್ದರೆ ಹೆಚ್ಚಾಗಿತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿತ್ತು, ಅಲ್ಲಲ್ಲಿ ಬೋಗುಣಿಯಂತೆ ತಗ್ಗಿದ್ದರೆ ಬ್ಯಾಲೆನ್ಸಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಕೆಟ್ಟಿದೆ. ಕಾರಣ ಸರಿಪಡಿಸದೆ ಹಾಕಿದ ಹೊಸ ಟೈರು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಗಾಳಿಯ ಒತ್ತಡವನ್ನು ಟೈರು ತಣ್ಣಗಿದ್ದಾಗ ಅಳೆಯಬೇಕೆಂಬ ನಿಯಮ ಪಾಲಿಸುವುದು, ಪೆಟ್ರೋಲ್ ಬಂಕು ಹತ್ತಾರು ಕಿಲೋಮೀಟರ್ ದೂರವಿರುವ ಹಳ್ಳಿಗಳಲ್ಲಿ ಕಷ್ಟ. ಅಲ್ಲಿಗೆ ತಲುಪುವಷ್ಟರಲ್ಲಿ ಟೈರು ಬಿಸಿಯಾಗಿ ಒತ್ತಡ ಹೆಚ್ಚು ತೋರುತ್ತದೆ. ಕಾರಿನ ವಿದ್ಯುತ್ತಿನಿಂದಲೇ ನಡೆಯುವ ಸಣ್ಣ ಗಾಳಿ ಪಂಪೊಂದನ್ನು ಮನೆಯಲ್ಲಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ, ಸ್ಟೆಪ್ನಿಯನ್ನೂ ಸೇರಿಸಿ, ಬೆಳಗಿನ ಹೊತ್ತು ನೋಡಿಕೊಳ್ಳುವುದು ಈ ತೊಡಕಿಗೆ ಸುಲಭದ ಪರಿಹಾರ. ನೈಟ್ರೋಜನ್‌ಗಾಗಿ ಪ್ರತ್ಯೇಕ ಹಣ ಕೊಡಬೇಕಾದ ಅಗತ್ಯವಿಲ್ಲ, ಸಾಮಾನ್ಯ ಗಾಳಿಯಲ್ಲೇ ಶೇಕಡಾ 78ರಷ್ಟು ಇರುವುದು ಅದೇ. ಪ್ರತಿ 8,000ದಿಂದ 10,000 ಕಿಲೋಮೀಟರಿಗೊಮ್ಮೆ ಹಿಂದುಮುಂದಿನ ಟೈರುಗಳನ್ನು ಅದಲುಬದಲು ಮಾಡಿಸಿದರೆ ನಾಲ್ಕೂ ಸಮನಾಗಿ ಸವೆದು, ಮುಂದಿನ ಸಲ ಎರಡೇ ಕೊಳ್ಳುವ ಇಕ್ಕಟ್ಟು ತಪ್ಪುತ್ತದೆ.

ಆಯ್ಕೆಯ ಕ್ರಮ ಹೀಗೆ ನಿಲ್ಲುತ್ತದೆ: ಮೊದಲು ಕಾರಿನ ಚೀಟಿಯಲ್ಲಿರುವ ಅಳತೆ, ಭಾರ, ವೇಗದ ಸಂಕೇತಗಳು, ಆಮೇಲೆ ಒದ್ದೆಯ ಹಿಡಿತದಲ್ಲಿ ಕಡಿಮೆಯಿಲ್ಲದ ಎರಡು ಮೂರು ಮಾದರಿಗಳು, ಅವುಗಳ ನಡುವೆ ವರ್ಷಕ್ಕೆ ಎಷ್ಟು ಓಡಾಟ ಎಂಬುದನ್ನು ಹಿಡಿದು ಬಾಳಿಕೆ ಮತ್ತು ಬೆಲೆಯ ಹೋಲಿಕೆ, ಕೊನೆಗೆ ತಯಾರಿಕೆಯ ವಾರ ನೋಡಿ ಬಿಲ್ ಪಡೆಯುವುದು. ಇಷ್ಟನ್ನೂ ಮೇ ತಿಂಗಳಲ್ಲೇ ಮುಗಿಸಿದವರಿಗೆ ಹೊಸ ಟೈರಿನ ಮೈಮೇಲಿನ ಜಾರುವ ಪೊರೆ ಸವೆದು ಹಿಡಿತ ಕುದುರಲು ಬೇಕಾದ ಮೊದಲ ಕೆಲವು ನೂರು ಕಿಲೋಮೀಟರುಗಳೂ ಒಣ ರಸ್ತೆಯಲ್ಲೇ ಸಿಗುತ್ತವೆ.